ಸೊನ್ನೆ ಸರಿದ ಅಳತೆಗೋಲು

“ನಾನು ಬಾಯಿಬಿಟ್ರೆ ಸಾಕು, ನದಿ ಬರೋಕೆ ಮೊದಲೇ ಇಡೀ ಬೀದಿ ಮಂಚ ಎತ್ತುತ್ತೆ,” ಎಂದು ಕೋಲಪ್ಪ ಇಪ್ಪತ್ತೆಂಟು ವರ್ಷ ಜಂಬ ಕೊಚ್ಚಿಕೊಂಡಿದ್ದ.

ಸೇತುವೆಯ ಕಂಬಕ್ಕೆ ಬಿಗಿದ ಅಳತೆಗೋಲನ್ನು ಓದಿ ಕಚೇರಿಗೂ ಬೀದಿಗೂ ಸಾರುವುದು ಅವನ ಉದ್ಯೋಗ; ಅಡ್ಡಹೆಸರು ಅಂಟಿದ್ದೂ ಅದರಿಂದಲೇ. ಕಪ್ಪೆ ಆಕಳಿಸಿದಾಗ ಎದ್ದ ಅಲೆಯನ್ನೂ ಕಳೆದು ಲೆಕ್ಕ ಒಪ್ಪಿಸುವಂಥ ಕಣ್ಣು ಅವನದು. ಚಿಂತೆಯೇನಿದ್ದರೂ ದರ್ಜಿಯಾಗಿದ್ದ ತನ್ನ ಒಡಹುಟ್ಟಿದ ಅಣ್ಣನ ಅಂಗಡಿಯದೇ. ಬೀದಿಯ ತಗ್ಗಿನಲ್ಲಿದ್ದ ಅದರ ಹೊಸ್ತಿಲಿಗೆ ನೀರು ಮುಟ್ಟುತ್ತಿದ್ದದ್ದು ಕೋಲು ಏಳು ಮೀಟರ್ ತೋರಿಸಿದಾಗ. ಆ ಏಳು ಅಣ್ಣನಿಗೆ ಹೆಂಡತಿಯ ಹೆಸರಿಗಿಂತ ಚೆನ್ನಾಗಿ ನೆನಪಿತ್ತು.

ಹಿಂದಿನ ಮಳೆಗಾಲದಲ್ಲಿ ತೇಲಿಬಂದ ದಿಮ್ಮಿಯೊಂದು ಹಳೆಯ ಕೋಲನ್ನು ಮುರಿಯಿತು. ಕಚೇರಿಯವರು ಹೊಸದನ್ನು ಒಂದು ಮೀಟರ್ ಮೇಲಕ್ಕೆ ಬಿಗಿದು ಕೈತೊಳೆದುಕೊಂಡರು. ಸೊನ್ನೆಯೆಂದರೆ ನದಿಯ ತಳವಲ್ಲವಲ್ಲ, ಕೋಲು ಎಲ್ಲಿಂದ ಶುರುವೋ ಅದು. ಹಾಗಾಗಿ ಹೊಸ ಆರು ಎಂದರೆ ಹಳೆಯ ಏಳು. ಕೋಲಪ್ಪ ಇದನ್ನು ಅಣ್ಣನಿಗೆ ಬಿಡಿಸಿ ಹೇಳಿದ.

“ಟೇಪನ್ನ ಭುಜ ಬಿಟ್ಟು ಎದೆಯಿಂದ ಹಿಡಿದ್ರೆ ಅಂಕಿ ಕಮ್ಮಿ ಆಗುತ್ತೆ. ಅಷ್ಟಕ್ಕೇ ಆಳು ಕುಳ್ಳ ಆಗ್ತಾನೇನಣ್ಣ?”

ಗಿರಾಕಿಗಳ ಮುಂದೆ ಅಣ್ಣ ಕತ್ತರಿ ಆಡಿಸುತ್ತಲೇ, “ನಿನಗೆ ಸಂಬಳ ಕೊಡೋದು ಓದೋಕೆ, ಯೋಚನೆ ಮಾಡೋಕಲ್ಲ. ಆ ಕೋಲಿನ ಮೇಲೆ ಕೂರೋ ಕಾಗೆಗೂ ನಿನಗಿಂತ ಬುದ್ಧಿ ಇದೆ,” ಎಂದ. ಅಂದಿನಿಂದ ಕೋಲಪ್ಪನನ್ನು ಕಂಡರೆ ಬೀದಿಗೆ ಬೀದಿಯೇ ಕಾ ಕಾ ಎನ್ನತೊಡಗಿತು.

ಈ ವರ್ಷ ಆಕಾಶಕ್ಕೆ ತೂತು ಬಿದ್ದಂತೆ ಮಳೆ. ಬೆಳಿಗ್ಗೆ ಕೋಲು ಐದೂವರೆ ತೋರಿಸಿದಾಗ ಕೋಲಪ್ಪ ಓಡಿಬಂದು, ಯಂತ್ರಗಳನ್ನಾದರೂ ಮೇಲೆ ಎತ್ತಿಸು ಎಂದು ಗೋಗರೆದ. ಏಳಕ್ಕೆ ಇನ್ನೂ ಒಂದೂವರೆ ಬಾಕಿ ಎಂದು ಅಣ್ಣ ಶಾಲೆಯ ಇನ್ನೂರು ಸಮವಸ್ತ್ರಗಳನ್ನು ಹೊಲಿಯುತ್ತ ಕುಳಿತ. ಬೀದಿಯಲ್ಲಿ ಒಂದು ಮಂಚವೂ ಏಳಲಿಲ್ಲ. ಎದ್ದದ್ದು ಕಾ ಕಾ ಮಾತ್ರ.

ಸಂಜೆಯೊಳಗೆ ಐದು ಹೊಲಿಗೆ ಯಂತ್ರಗಳೂ ಮುಳುಗಿದವು. ಹೊಲಿದ ಅಂಗಿಗಳು ತೋಳು ಚಾಚಿಕೊಂಡು, ಶಾಲೆ ಬಿಟ್ಟವರಂತೆ ಬಾಗಿಲು ದಾಟಿ ಹೊರಟವು. ಮೇಜಿನ ಮೇಲೆ ಕುಕ್ಕರಗಾಲಲ್ಲಿ ಕೂತ ಅಣ್ಣ, ಕೋಲು ಓದಲು ಬಾರದ ತಮ್ಮನೇ ತನ್ನನ್ನು ಮುಳುಗಿಸಿದನೆಂದು ಅಕ್ಕಪಕ್ಕದ ಮಾಳಿಗೆಗಳಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಅಷ್ಟರಲ್ಲಿ ಕೋಲಪ್ಪ ತೊಡೆಮಟ್ಟದ ನೀರು ಸೀಳಿಕೊಂಡು ಬಂದು ಬಾಗಿಲಲ್ಲಿ ನಿಂತ.

“ಬಂದೆಯಾ, ಕಾಗೆ? ಈಗೆಷ್ಟಂತೆ ನಿನ್ನ ಕೋಲು?” ಎಂದ ಅಣ್ಣ.

“ಆರೂಮುಕ್ಕಾಲು. ನಿನ್ನ ಲೆಕ್ಕದಲ್ಲಿ ಅಂಗಡಿಗೆ ನೀರು ಬರೋಕೆ ಇನ್ನೂ ಕಾಲು ಮೀಟರ್ ಇದೆ. ಹೊಲೀತಿರಣ್ಣ.”