ಮಾವನ ಮನೆತನದ ಹೆಸರು

ಮಾವ ಇಂಗ್ಲೆಂಡಿನಿಂದ ತಂದದ್ದು ಎರಡು ಪೆಟ್ಟಿಗೆ ಮತ್ತು ತಮ್ಮ ಮನೆತನದ ಹೆಸರಿನ ಚರಿತ್ರೆ. ಅತ್ತೆ ತೀರಿಕೊಂಡ ಮೇಲೆ ಸಿಂಗಪುರದ ಯಿಶುನ್‌ನ ನಮ್ಮ ಫ್ಲ್ಯಾಟಿಗೆ ಬಂದವರು, ಊಟಕ್ಕೆ ಕೂತರೂ ಅದೇ ಮಾತು. ಉತ್ತರದ ಗುಡ್ಡಗಳ ನಡುವೆ ಅವರ ಹಿರಿಯರು ಕುರಿ ಸಾಕುತ್ತಿದ್ದ ಒಂದು ಕಣಿವೆಯಂತೆ. ಅದರ ಹೆಸರೇ ಮನೆತನಕ್ಕೆ ಅಂಟಿಕೊಂಡಿತಂತೆ. ಆಮೇಲೆ ಜನ ಗಿರಣಿಗಳ ಊರುಗಳಿಗೆ ಚದುರಿದರು, ಗಂಡುಮಕ್ಕಳು ಯುದ್ಧಕ್ಕೆ ಹೋಗಿ ಸತ್ತರು. ಆ ಹೆಸರಿನವರು ಉಳಿದದ್ದು ಮಾವ ಮತ್ತು ಅವರ ಒಬ್ಬನೇ ಮಗ, ನನ್ನ ಗಂಡ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಹೋದ ವರ್ಷ ಗಂಡ ಆಫೀಸಿನಲ್ಲೇ ಕುಸಿದುಬಿದ್ದು ಹೋಗಿಬಿಟ್ಟ. ನಮಗೆ ಮಕ್ಕಳಿರಲಿಲ್ಲ. ಅಂದಿನಿಂದ ಮಾವ ಚರಿತ್ರೆ ಹೇಳುವುದನ್ನು ನಿಲ್ಲಿಸಿದರು. ಆ ಮೌನ ಇನ್ನೂ ಹಿಂಸೆಯಾಗಿತ್ತು.

ಕೆಲವೇ ತಿಂಗಳಲ್ಲಿ ಅವರೂ ಆಸ್ಪತ್ರೆ ಸೇರಿದರು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, ತಾವು ಹೋದ ಮೇಲೆ ಆ ಹೆಸರು ಉಳಿಯುವುದು ನಿನ್ನಲ್ಲಿ ಮಾತ್ರ, ಮತ್ತೆ ಮದುವೆಯಾದರೂ ಬಿಡಬೇಡ ಎಂದರು. ಆ ಹೆಸರು ನನ್ನ ಹತ್ತಿರ ಇರಲೇ ಇಲ್ಲ. ನಮ್ಮ ಕಡೆ ಮನೆತನದ ಹೆಸರೇ ಇಲ್ಲ. ಹೆಂಗಸಿನ ಹೆಸರಿನ ಪಕ್ಕ ಮೊದಲು ಅಪ್ಪನ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ಅಮ್ಮನಂತೆ ನಾನೂ ಗಂಡನ ಸ್ವಂತ ಹೆಸರನ್ನೇ ಸೇರಿಸಿಕೊಂಡಿದ್ದೆ. ಅವನು ನಕ್ಕು ಸುಮ್ಮನಾಗಿದ್ದ. ಮಾವನಿಗೆ ಯಾರೂ ಹೇಳಿರಲಿಲ್ಲ.

ಕಾರಿಡಾರಿಗೆ ಹೋಗಿ, ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿ ಅಳುತ್ತಾ ಹೇಳಿಕೊಂಡೆ.

"ಹೂಂ ಅಂದ್ಬಿಡೇ. ಸಾಯೋರ ಹತ್ರ ವಾದ ಮಾಡ್ತಾರಾ?" ಎಂದಳು ಅಮ್ಮ.

ಒಳಗೆ ಬಂದು, ಬಿಡುವುದಿಲ್ಲ ಎಂದೆ. ಮಾವನ ಮುಖ ಸಡಿಲವಾಯಿತು. ಎಷ್ಟೋ ತಿಂಗಳ ಮೇಲೆ, ಕಣ್ಣು ಮುಚ್ಚಿಕೊಂಡು ಮತ್ತೆ ಕಣಿವೆಯ ಕತೆ ಶುರುಮಾಡಿದರು. ಒಂದು ಮಾತೂ ತಪ್ಪಬಾರದೆಂದು ನಾನು ಕುರ್ಚಿ ಹತ್ತಿರ ಎಳೆದುಕೊಂಡೆ.

ಅಷ್ಟರಲ್ಲಿ ಡಾಕ್ಟರು ಕರೆಯುತ್ತಿದ್ದಾರೆಂದು ನರ್ಸ್ ಬಾಗಿಲಲ್ಲಿ ನಿಂತು ನನ್ನನ್ನು ಕೂಗಿದಳು. ಪಾಪ, ನನ್ನ ಹೆಸರಿನ ಕೊನೆಯ ಭಾಗವನ್ನಷ್ಟೇ ಕೂಗಿದಳು, ಗಂಡನ ಹೆಸರನ್ನು.

ಮಾವ ತಟ್ಟನೆ ಕಣ್ಣು ಬಿಟ್ಟರು. ಮೊಣಕೈ ಊರಿ ಏಳಲು ನೋಡಿದರು. "ಬಂದ್ನಾ?" ಎಂದರು.

ದೇವರಾಣೆ, ನಾನೂ ತಿರುಗಿ ಬಾಗಿಲ ಕಡೆ ನೋಡಿದೆ.