ಹೋದ ವರ್ಷದ ಅಳತೆ

ನಮ್ಮ ವಿಜ್ಞಾನ ಮಾಸ್ತರರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ವರ್ಷಗಟ್ಟಲೆ ಅದನ್ನು ಮುಚ್ಚಿ, ಇನ್ನೊಂದರಿಂದಲೇ ಅಳತೆಯ ಗೆರೆಗಳನ್ನು ನೋಡಿ ನೋಡಿ ಆ ಕೆನ್ನೆಯ ಮೇಲೆ ಮೂರು ಸುಕ್ಕುಗಳು ಕಾಯಂ ಆಗಿದ್ದವು. ಮೈಸೂರು ಕಡೆಯವರು. ಮುಲುಂಡ್‌ನಿಂದ ಲೋಕಲ್ ರೈಲು ಹಿಡಿದು ನಮ್ಮ ಕನ್ನಡ ಹೈಸ್ಕೂಲಿಗೆ ಬರುತ್ತಿದ್ದರು.

ಭಾಗಾಕಾರ ಮಾಡಿ ದಶಮಾಂಶ ಬಿಂದುವಿನ ಮುಂದೆ ಐದು ಅಂಕಿ ಬರೆದವನನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. “ಸ್ಕೇಲು ನಮ್ಮ ಶಾಲೇದು, ಉತ್ತರ ಮಾತ್ರ ದೇವಲೋಕದ್ದೇನಯ್ಯಾ?” ಎನ್ನುತ್ತಿದ್ದರು. ಇನ್ನೊಂದು ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದೆವು: “ಅಂದಾಜು ಮಾಡೋದು ತಪ್ಪಲ್ಲ ಕಣಯ್ಯ. ಅಂದಾಜನ್ನ ಅಳತೆ ಅಂತ ಬರೆಯೋದು ಕಳ್ಳತನ.”

ನಾನು ಮಾಡಿದ್ದು ಅದಕ್ಕಿಂತ ಕೀಳು ಕಳ್ಳತನ.

ಮೆಟ್ರಿಕ್ ವರ್ಷ. ಹಿತ್ತಾಳೆಯ ಸಿಲಿಂಡರಿನ ವ್ಯಾಸ, ಉದ್ದ, ತೂಕ ಅಳೆದು ಸಾಂದ್ರತೆ ಕಂಡುಹಿಡಿಯಬೇಕಿತ್ತು. ನಲವತ್ತು ಹುಡುಗರಿಗೆ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ಸ್ ಒಂದೇ. ಸರದಿ ಕಾಯಲು ಬೇಸರವಾಗಿ, ನಮ್ಮ ಚಾಳಿನಲ್ಲೇ ವಾಸವಿದ್ದ ಹಿಂದಿನ ಬ್ಯಾಚಿನವನ ಪ್ರಯೋಗದ ಜರ್ನಲ್ ತಂದು ಅಂಕಿಗಳನ್ನು ಇಳಿಸಿಕೊಂಡೆ. ನಾನು ಕ್ಲಾಸಿನ ಮಾನಿಟರ್. ನನ್ನದನ್ನು ನೋಡಿ ಉಳಿದವರೂ ಇಳಿಸಿದರು. ಹಳೆಯ ಸಿಲಿಂಡರ್ ಕಳೆದುಹೋಗಿ, ಮಾಸ್ತರರು ಬೇರೆ ದಪ್ಪದ ತುಂಡನ್ನು ಕಡಿಸಿ ತಂದಿದ್ದು ನಮಗಾರಿಗೂ ತಿಳಿಯಲಿಲ್ಲ. ಮುಟ್ಟಿ ನೋಡಿದ್ದರೆ ತಾನೆ ತಿಳಿಯುವುದು?

ಮಾಸ್ತರರು ಜರ್ನಲ್ ತಿದ್ದುವ ಮೊದಲೇ ಇನ್‌ಸ್ಪೆಕ್ಟರ್ ಬಂದರು. ಧಾರವಾಡದ ಕಡೆಯವರು. ಜರ್ನಲುಗಳಲ್ಲೆಲ್ಲ ವ್ಯಾಸ 1.92 ಸೆಂಟಿಮೀಟರ್, ಅವರೇ ಅಳೆದಾಗ ಬಂದದ್ದು 2.56.

“ನಲವತ್ತ ಮಂದೀದೂ ಒಂದ ಸುಳ್ಳು. ನೀವ ಹೇಳಿ ಬರಸೀರೇನ್ರಿ?”

ಮಾಸ್ತರರ ಮುಖ ಬಿಳಿಚಿತ್ತು. “ಇಲ್ಲ ಸಾರ್. ಆಮೇಲೆ, ನಿಮ್ಮ ಅಳತೇಲಿ ಪಾಯಿಂಟ್ ಸೊನ್ನೆ ಎರಡು ಕಳೀಬೇಕು. ಈ ಕ್ಯಾಲಿಪರ್ಸ್ ಪೂರ್ತಿ ಮುಚ್ಚಿದ್ರೂ ಸೊನ್ನೆ ತೋರಿಸಲ್ಲ.”

ಕೆಲಸ ಹೋಗುವ ಹೊತ್ತಿನಲ್ಲೂ ಅವರಿಗೆ ಅಳತೆ ಸರಿಯಿರಬೇಕಿತ್ತು. ಇನ್‌ಸ್ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. ನನ್ನತ್ತ ತಿರುಗಿ, ಮಾಸ್ತರರೇ ಬರೆಸಿದ್ದು ಹೌದೋ ಅಲ್ಲವೋ ಎಂದು ಕೇಳಿದರು. ನಿಜ ಹೇಳಿದರೆ ನನ್ನ ಫಾರ್ಮ್ ತಡೆದು ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಹೌದೆಂದು ತಲೆಯಾಡಿಸಿದೆ.

ತಿಂಗಳು ತುಂಬುವ ಮೊದಲೇ ಅವರನ್ನು ತೆಗೆದುಹಾಕಿದರು. ವರ್ಷಗಟ್ಟಲೆ ಪಕ್ಕದ ಕೋಣೆಯಲ್ಲಿ ಕೂತು ಅವರ ಪಾಠ ಕೇಳಿಸಿಕೊಂಡಿದ್ದ ಹೆಡ್‌ಮಾಸ್ತರರು ತುಟಿ ಬಿಚ್ಚಲಿಲ್ಲ. ಹಿಂದಿನ ವರ್ಷದ ಒಂದೇ ಒಂದು ಜರ್ನಲ್ ತರಿಸಿ ನೋಡಿದ್ದರೆ ಸಾಕಿತ್ತು, ನಾವು ಅಂಕಿಗಳನ್ನು ಎಲ್ಲಿಂದ ಕದ್ದೆವೆಂದು ತಿಳಿಯುತ್ತಿತ್ತು. ಅಷ್ಟು ಕಷ್ಟವನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಒಬ್ಬ ಪ್ರಾಮಾಣಿಕನ ಹೊಟ್ಟೆಯ ಮೇಲೆ ಹೊಡೆಯಲು ಹದಿನಾರರ ಹುಡುಗನ ತಲೆಯಾಟವೇ ಸಾಕ್ಷಿಯಾಯಿತು.

ಬೇರೆ ಶಾಲೆ ಸಿಗದೆ ಅವರು ಯಾವುದೋ ಗೋದಾಮಿನಲ್ಲಿ ತೂಕ ನೋಡುವ ಗುಮಾಸ್ತರಾದರೆಂದೂ, ಅಲ್ಲಿದ್ದಾಗಲೇ ತೀರಿಕೊಂಡರೆಂದೂ ಕೇಳಿದೆ. ನೋಡಲು ಹೋಗಲಿಲ್ಲ. ನಾನು ಪಾಸಾಗಿ, ಮಿಲ್ಲಿನ ಟೂಲ್‌ರೂಮಿನಲ್ಲಿ ಬಿಡಿಭಾಗಗಳ ಅಳತೆ ನೋಡುತ್ತ ಮೂವತ್ತೈದು ವರ್ಷ ಉಂಡೆ. ಆ ವಿದ್ಯೆ ಅವರದು.

ಕಳೆದ ತಿಂಗಳು ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಹಳೆಯ ಸಹಪಾಠಿಗಳು ಸೇರಿದ್ದೆವು. ಒಬ್ಬ ಎದ್ದು, ಮಾಸ್ತರರು ಉತ್ತರ ಹೇಳಿಕೊಟ್ಟು ಸಿಕ್ಕಿಬಿದ್ದ ಕತೆಯನ್ನು ರಸವತ್ತಾಗಿ ಹೇಳಿದ. ಅವನೂ ನನ್ನ ಜರ್ನಲ್ ನೋಡಿ ಬರೆದವನೇ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು ನಡೆದದ್ದನ್ನು ಹೇಳಿದೆ. ಪಕ್ಕದವ ಅಂಗಿ ಜಗ್ಗಿದ.

“ಈಗ ಅದೆಲ್ಲ ಯಾಕೆ ಮಾರಾಯ? ಕೂತ್ಕೊ, ಊಟ ತಣಿತದೆ.”

ಅದಕ್ಕೇ ಬರೆಯುತ್ತಿದ್ದೇನೆ. ಮಾಸ್ತರರ ಮಕ್ಕಳೋ ಮೊಮ್ಮಕ್ಕಳೋ ಎಲ್ಲಾದರೂ ಇದ್ದು ಇದನ್ನು ಓದಿದರೆ ತಿಳಿದಿರಲಿ: ನಿಮ್ಮ ಮನೆಯ ಹಿರಿಯರು ಯಾರಿಗೂ ಉತ್ತರ ಹೇಳಿಕೊಟ್ಟಿರಲಿಲ್ಲ. ಸುಳ್ಳು ಹೇಳಿದವನು ನಾನು.