ಗಂಗಾಂಬಿಕಾ ತೆಗೆದ ಕೆಂಧೂಳಿನ ಚಿತ್ರ

ಬಂಡ್ರಿಯ ಗಂಗಾಂಬಿಕಾ ಪದವಿ, ಸ್ನಾತಕೋತ್ತರ ಎರಡನ್ನೂ ಒಟ್ಟಿಗೇ ಕೊಡುವ ಐದು ವರ್ಷದ ಪತ್ರಿಕೋದ್ಯಮ ಕೋರ್ಸಿನ ಕೊನೆಯ ವರ್ಷದಲ್ಲಿದ್ದಳು. ಅದಿರಿನ ಲಾರಿಗಳು ತನ್ನೂರಿಗೆ ಎರಚಿದ ಕೆಂಧೂಳಿನ ಸಾಕ್ಷ್ಯಚಿತ್ರ ಒಪ್ಪಿಸಿದರಷ್ಟೇ ಅವಳಿಗೆ ಪದವಿ. ಕಾಲೇಜಿನ ಕ್ಯಾಮೆರಾ ಒಂದೇ ದಿನಕ್ಕೆ ಸಿಕ್ಕಿತ್ತು. ಹಿಡಿದು ಬಂದರೆ ಮನೆಯ ಕಟ್ಟೆ, ಗೋಡೆ, ಬಾಗಿಲು ಎಲ್ಲವೂ ಫಳಫಳ!

“ಯವ್ವಾ, ಧೂಳು ಎಲ್ಲೈತಿ?”

“ತೊಳದೀನವ್ವ. ಕ್ಯಾಮೆರಾದಾಗ ಹೊಲಸು ಮನಿ ಕಂಡ್ರ ಮಂದಿ ನಗಂಗಿಲ್ಲೇನು?” ಎಂದಳು ತಾಯಿ ಮುದುಕಮ್ಮ.

ಮಗಳಿಗೆ ಅಳುವೇ ಬಂತು. ಪರಶಿವನ ಕರುಣೆ ನೋಡಿ, ಅಷ್ಟರಲ್ಲಿ ಲಾರಿಗಳ ಸಾಲೊಂದು ಹಾದು ಅಂಗಳವೆಲ್ಲ ಮತ್ತೆ ಕೆಂಪಾಯಿತು. ಮುದುಕಮ್ಮ ಕೊಡ ತಂದು, ಪೂಜೆಗೆ ತಂದಿದ್ದ, ಈಗ ಕೆಂಧೂಳು ಕೂತ ಬಿಲ್ವಪತ್ರೆಗಳನ್ನು ಒಂದೊಂದಾಗಿ ತೊಳೆಯತೊಡಗಿದಳು. ಗಂಗಾಂಬಿಕಾ ಕ್ಯಾಮೆರಾ ಎತ್ತಿದಳು.

“ತಡಿಯವ್ವ, ಹೊಸ ಸೀರಿ ಉಟ್ಕೊಂಡು ಬರ್ತೀನಿ!”

“ಬ್ಯಾಡ ಯವ್ವಾ, ನೀ ಹಂಗ ತೊಳಿ,” ಎಂದಳು ಮಗಳು.